ಎರಡನೇ ಜ್ವರದ ಹುಳು, ಎರಡು ಬೈಕು

ನಮ್ಮ ವ್ಯಾನಿನ ಗೇರ್ ಬಾಕ್ಸನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿಕೊಂಡು ಕೂತಿದ್ದ ಕೊಳ್ಳೇಗಾಲದ ಮೆಕ್ಯಾನಿಕ್ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ, "ನಾಳಿಕ್ಕೆ ಆಗಕ್ಕಿಲ್ಲ ಕಣಕ್ಕ. ಸಾಮಾನು ಮೈಸೂರಿಂದ ಬರ್ಬೇಕು." ನಾನು ಫೋನ್ ಕೆಳಗಿಟ್ಟು ಹುಳುಗಳ ಕಡೆ ನೋಡಿದೆ. ಅವಕ್ಕೆ ವ್ಯಾನಿನ ಚಿಂತೆ ಇರಲಿಲ್ಲ. ಒಂದೊಂದಾಗಿ ಮೇವು ಬಿಟ್ಟು, ತಲೆ ಎತ್ತಿಕೊಂಡು, ಜ್ವರಕ್ಕೆ ಕೂರುತ್ತಿದ್ದವು.

ಯಳಂದೂರಿನಿಂದ ಸ್ವಲ್ಪ ಹೊರಗೆ ನಮ್ಮದೊಂದು ಚಾಕಿ ಕೇಂದ್ರವಿದೆ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ತಿನ್ನಿಸಿ, ಹುಳು ಎರಡನೇ ಜ್ವರಕ್ಕೆ ಬಂದ ಮೇಲೆ ರೈತರಿಗೆ ಕೊಡುವುದು ನಮ್ಮ ಕೆಲಸ. ಜ್ವರ ಅಂದರೆ ಕಾಯಿಲೆ ಅಂದುಕೊಳ್ಳಬೇಡಿ. ಬೆಳೆದ ಹುಳುವಿಗೆ ಹಳೆಯ ಚರ್ಮ ಬಿಗಿಯಾಗುತ್ತದೆ. ಅದನ್ನು ಕಳಚುವ ಮುಂಚೆ ಹೆಚ್ಚುಕಮ್ಮಿ ಒಂದು ದಿನ ಅದು ಮೇವು ಮುಟ್ಟದೆ, ಅಲುಗದೆ ಕೂರುತ್ತದೆ. ಸಾಗಿಸುವುದಾದರೆ ಆ ಹೊತ್ತಿನಲ್ಲೇ ಸಾಗಿಸಬೇಕು. ತಂಪಿನಲ್ಲಿ ಹೋಗಬೇಕು, ಕುಲುಕಬಾರದು, ಬಿಸಿ ತಾಗಬಾರದು. ಎಲ್ಲಕ್ಕಿಂತ ಮುಖ್ಯ, ಅಷ್ಟೂ ಹುಳು ಒಟ್ಟಿಗೆ ಏಳಬೇಕು. ಅರ್ಧ ಮೊದಲೆದ್ದು ಅರ್ಧ ಹಿಂದುಳಿದರೆ ಆ ಅಂತರ ಕೊನೆಯವರೆಗೂ ಮುಚ್ಚುವುದಿಲ್ಲ. ಒಂದಷ್ಟು ಗೂಡು ಕಟ್ಟುತ್ತಿರುವಾಗ ಇನ್ನೊಂದಷ್ಟು ಸೊಪ್ಪಿಗೆ ಬಾಯಿ ಬಿಡುತ್ತಿರುತ್ತವೆ, ಸಾಕುವವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಆ ಸಲದ ಹುಳುವನ್ನು ಹತ್ತಿರದ ರೈತರು ತಾವೇ ಬಂದು ಒಯ್ಯುವವರಿದ್ದರು. ಉಳಿದದ್ದು ಒಂದೇ, ಹನೂರು ದಾಟಿ ಕೌದಳ್ಳಿಗೆ ಹೋಗಬೇಕಾದ ನೂರು ಮೊಟ್ಟೆಯ ಹುಳು. ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನಾನೂರೈನೂರು ಹುಳು. ಅಲ್ಲೊಂದು ಮನೆಯ ಸೊಸೆ ಮೊದಲ ಸಲ ಹುಳು ಸಾಕಲು ಹೊರಟಿದ್ದಳು. ಗಂಡ ಬಸ್ ಡಿಪೋದ ನೌಕರ, ವಾರಕ್ಕೊಮ್ಮೆ ಮನೆಗೆ ಬರುವವನು. ಮಾವನನ್ನು ಒಪ್ಪಿಸಿ, ಅವರು ಮುಸುಕಿನ ಜೋಳ ಹಾಕುತ್ತಿದ್ದ ಹೊಲದಲ್ಲಿ ಅರ್ಧಕ್ಕೆ ಹಿಪ್ಪುನೇರಳೆ ಕಡ್ಡಿ ನೆಟ್ಟು, ಎರಡು ವರ್ಷ ಕಾದು, ಹುಳುಮನೆ ಕಟ್ಟಿಸಿದ್ದಳು. ಹುಳುಮನೆ ಸರಿಯಿದೆಯೇ ನೋಡಲು ನಾನು ಹೋಗಿದ್ದಾಗ ಆ ಮಾವ ಜಗುಲಿಯ ಮೇಲಿನಿಂದಲೇ ತಮ್ಮ ತೀರ್ಮಾನ ತಿಳಿಸಿದ್ದರು.

"ಒಂದೇ ಒಂದ್ ಬೆಳೆ ನೋಡ್ತೀನಿ ಕಣವ್ವ. ಗೂಡು ಕಟ್ನಿಲ್ಲ ಅಂದ್ರೆ ಸೊಪ್ಪೆಲ್ಲ ಕಿತ್ತಾಕಿ ಜೋಳ ಬಿತ್ತುಸ್ತೀನಿ. ಉಳ ಸಾಕಾದಂತೆ ಉಳ!"

ಸೊಸೆ ನನಗೆ ಕಾಫಿ ಕೊಟ್ಟಳು. ಆಮೇಲೆ ಒಳಗೆ ಹೋಗಿ, ಆಗಲೇ ಒರೆಸಿದ್ದ ಹುಳು ಹಾಸುವ ಅಟ್ಟಣೆಯನ್ನು ಇನ್ನೊಂದು ಸಲ ಒರೆಸತೊಡಗಿದಳು. ಅವತ್ತೇ ನನಗೆ ಆ ಹುಡುಗಿಯ ಮೇಲೆ ಅಕ್ಕರೆ ಬಂದುಬಿಟ್ಟಿತು.

ಮೆಕ್ಯಾನಿಕ್ ಕೈ ಎತ್ತಿದ ಮೇಲೆ ಗೂಡ್ಸ್ ಆಟೋದವರಿಗೆಲ್ಲ ಫೋನ್ ಮಾಡಿದೆ. ಮಾರನೆಯ ದಿನ ಅಮಾವಾಸ್ಯೆ. ಮಾದಪ್ಪನ ಬೆಟ್ಟಕ್ಕೆ ಜನ ಹೊತ್ತೊಯ್ಯಲು ಚಕ್ರವಿದ್ದದ್ದೆಲ್ಲ ಬುಕ್ ಆಗಿತ್ತು. ಬಸ್ಸಿನ ಮಾತು ಕೇಳಲೇಬೇಡಿ. ಅಮಾವಾಸ್ಯೆಯ ಬಸ್ಸಿನಲ್ಲಿ ಮನುಷ್ಯರೇ ನೆಟ್ಟಗೆ ಉಳಿಯುವುದಿಲ್ಲ. ಆಗ ನಮ್ಮ ಅಂಗಳದಲ್ಲಿ ನಿಂತಿದ್ದ ಎರಡು ಬೈಕುಗಳು ಕಣ್ಣಿಗೆ ಬಿದ್ದವು.

ಒಂದು ನಮ್ಮ ಯಜಮಾನರ ಕ್ರೂಸರ್. ತಗ್ಗು ಸೀಟು, ಅಗಲ ಹ್ಯಾಂಡಲ್, ಮುಂದೆ ಚಾಚಿದ ಫುಟ್‌ರೆಸ್ಟ್. ಜಗುಲಿಯ ಮೇಲೆ ಕಾಲು ನೀಡಿ ಕೂತವರ ಹಾಗೆ ಅದರ ಮೇಲೆ ಅವರು ಕೂರುತ್ತಾರೆ. ಇನ್ನೊಂದು ಮೈದುನನ ಸಣ್ಣ ಸ್ಪೋರ್ಟ್ಸ್ ಬೈಕ್, ಕೆಂಪು ಬಣ್ಣದ್ದು. ಹ್ಯಾಂಡಲ್ ತಗ್ಗಿನಲ್ಲಿ, ಹಿಂದಿನ ಸೀಟು ಎತ್ತರದಲ್ಲಿ. ಅದರ ಮೇಲೆ ಬಗ್ಗಿ ಹೊಟ್ಟೆಯನ್ನು ಟ್ಯಾಂಕಿಗೆ ತಾಗಿಸಿದನೆಂದರೆ ಅವನಿಗೆ ಮನೆಯವರ ಮಾತು ಕೇಳಿಸುವುದಿಲ್ಲ. ಅಣ್ಣತಮ್ಮಂದಿರಿಬ್ಬರಿಗೂ ಬೆಳಗಿನ ಕಾಫಿ ಇಳಿಯಬೇಕಾದರೆ ಬೈಕಿನ ಜಗಳವಾಗಬೇಕು.

"ಅದು ಬೈಕಾ? ದಿನಾ ದಂಡ ಒಡ್ದಂಗೆ ಬಗ್ಗಿ ಓಡುಸ್ಬೇಕು," ಅನ್ನುತ್ತಾರೆ ಇವರು.

"ನಿಂದು ಆರಾಮ್ ಕುರ್ಚಿಗೆ ಚಕ್ರ ಆಕಿರಾದು ಕಣಣ್ಣ. ಒಂದ್ ತಿರುವಲ್ಲಿ ತಿರುಗ್ಸೋಕೆ ಅರ್ಧ ಊರು ಬೇಕು," ಅನ್ನುತ್ತಾನೆ ಅವನು.

ನಾನು ಸ್ಕೂಟರಿನವಳು, ಯಾರ ಪಕ್ಷವೂ ಅಲ್ಲ. ಅವತ್ತು ಮಾತ್ರ ಇಬ್ಬರನ್ನೂ ಕರೆದು, ಹುಳು ಯಾವ ಬೈಕಿನಲ್ಲಿ ಹೋಗುತ್ತದೆ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ "ನಂದ್ರಲ್ಲಿ" ಅಂದರು. ಬಾಯಿ ಮಾತಿನಲ್ಲಿ ತೀರುವ ವಿಷಯ ಇದಲ್ಲ ಅನ್ನಿಸಿತು. ಅಂಗಡಿಯಿಂದ ಎರಡು ಸೇರು ಕಡಲೆಪುರಿ ತರಿಸಿದೆ.

ನಮ್ಮ ಸೊಪ್ಪು ತುಂಬುವ ಕ್ರೇಟುಗಳು ಸುತ್ತಲೂ ಗಾಳಿಯಾಡುವಂಥವು. ಅದರ ತಳಕ್ಕೆ ಪೇಪರ್ ಹಾಸಿ, ಪುರಿಯನ್ನು ಹುಳುವಿನ ಹಾಗೆಯೇ ತೆಳ್ಳಗೆ ಸಮನಾಗಿ ಹರಡಿ, ಮೇಲೆ ಬಟ್ಟೆ ಸುತ್ತಿ ಒಂದೊಂದು ಬೈಕಿಗೆ ಒಂದೊಂದು ಕಟ್ಟಿಸಿದೆ. ನಾಲೆಯ ಸೇತುವೆಯವರೆಗೆ ಹೋಗಿ ವಾಪಸ್ ಬರಬೇಕು, ವಂಚನೆ ಮಾಡಬಾರದು ಎಂದೆ. ಬೈಕ್ ಯಾವುದು ಚೆನ್ನ ಎಂದು ಓಡಿಸುವವನನ್ನು ಕೇಳಿದರೆ ಅವನು ತನ್ನ ಸೊಂಟದ ಕಥೆ ಹೇಳುತ್ತಾನೆ. ನನಗೆ ಬೇಕಾಗಿದ್ದದ್ದು ಪುರಿಯ ಕಥೆ.

ಮೊದಲು ಮೈದುನ ಬಂದ. ಬಟ್ಟೆ ಬಿಚ್ಚಿದರೆ ಅಷ್ಟೂ ಪುರಿ ಕ್ರೇಟಿನ ಮುಂಭಾಗಕ್ಕೆ ಹೋಗಿ ಗುಡ್ಡೆಯಾಗಿತ್ತು. ಆ ಬೈಕಿನ ಹಿಂದಿನ ಸೀಟು ನಮ್ಮ ಅಡುಗೆಮನೆಯ ಮಣೆಗಿಂತ ಚಿಕ್ಕದು, ಅದೂ ಸವಾರನ ಬೆನ್ನಿನ ಕಡೆಗೆ ಇಳಿಜಾರು. ಬ್ರೇಕ್ ಬೇರೆ ಚುರುಕು, ಹಿಡಿದಾಗಲೆಲ್ಲ ಮೂತಿ ತಗ್ಗುತ್ತದೆ. ಆದರೆ ಒಂದು ಪುರಿಯೂ ಹೊರಗೆ ಬಿದ್ದಿರಲಿಲ್ಲ.

ಆಮೇಲೆ ಯಜಮಾನರು ಗುಡುಗುಡು ಅನ್ನುತ್ತ ಬಂದರು. ಅವರ ಹಿಂದೆ ರಸ್ತೆಯುದ್ದಕ್ಕೂ ಕಾಗೆಗಳು. ಕ್ರೇಟಿನಲ್ಲಿ ಪುರಿ ಸಮನಾಗಿಯೇ ಇತ್ತು, ಆದರೆ ಮೂರರಲ್ಲಿ ಒಂದು ಪಾಲು ಕುಣಿದು ಕುಣಿದು ಸಂದಿಯಿಂದ ಹೊರಗೆ ಹೋಗಿತ್ತು. ಕ್ರೂಸರಿನ ಸೀಟು ಅಗಲ, ಮಟ್ಟಸ. ಹಿಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಮೋಟು. ಗುಂಡಿಗೆ ಬಿದ್ದರೆ ಪೆಟ್ಟು ನೇರವಾಗಿ ಮೇಲಕ್ಕೆ ಬರುತ್ತದೆ.

"ಗಾಳೀಗ್ ಓಯ್ತು ಕಣಮ್ಮಿ," ಅಂದರು ಇವರು.

"ಗಾಳೀಗಲ್ಲ, ಕಾಗೆ ಒಟ್ಟೆಗೆ ಓಯ್ತು," ಅಂದೆ.

ತೀರ್ಪು ಬರುವ ಮೊದಲೇ ಇಬ್ಬರೂ ಸಾಕ್ಷಿಯನ್ನು ಈರುಳ್ಳಿ, ಕಾಯಿತುರಿ ಹಾಕಿ ಕಲಸಿಕೊಂಡು ತಿಂದುಬಿಟ್ಟರು. ನಾನು ಕೂತು ಯೋಚಿಸಿದೆ. ಒಂದಕ್ಕೆ ಇಳಿಜಾರಿನ ದೋಷ, ಇನ್ನೊಂದಕ್ಕೆ ಕುಣಿತದ ದೋಷ. ಇಳಿಜಾರಿಗೆ ಮದ್ದು ಸುಲಭ. ಹಳೆಯ ಸೀರೆ ಹರಿದು, ತಲೆ ಮೇಲೆ ಕೊಡ ಹೊರುವಾಗ ಮಾಡುವ ಹಾಗೆ ಎರಡು ಸಿಂಬೆ ಸುತ್ತಿದೆ, ಒಂದು ದಪ್ಪ, ಒಂದು ತೆಳು. ದಪ್ಪದ್ದನ್ನು ಸೀಟಿನ ತಗ್ಗಿನ ಕಡೆಗೆ, ತೆಳುವನ್ನು ಎತ್ತರದ ಕಡೆಗೆ ಇಟ್ಟು, ಮೇಲೆ ಕ್ರೇಟ್ ಕೂರಿಸಿ, ಅದರಲ್ಲಿ ತಟ್ಟೆಗೆ ನೀರು ಹಾಕಿಟ್ಟು ನೋಡಿದೆ. ನೀರು ಯಾವ ಕಡೆಗೂ ವಾಲದೆ ನಿಂತಿತು. ಸಿಂಬೆ ಪೆಟ್ಟನ್ನೂ ಸ್ವಲ್ಪ ಕುಡಿಯುತ್ತದೆ.

ಕ್ರೂಸರಿನ ಕುಣಿತಕ್ಕೆ ಮದ್ದು ನಾನೇ ಎಂದು ತೀರ್ಮಾನಿಸಿದೆ. ಆ ಬೈಕಿಗೆ ಹಿಂದೆ ಭಾರ ಬಿದ್ದರೆ ಅಡಗುತ್ತದೆ, ಇದು ಮದುವೆಯಾದ ಮೇಲೆ ನಾನು ಕಂಡುಕೊಂಡ ಸತ್ಯ. ನಾನು ಹಿಂದೆ ಕೂತು ಕ್ರೇಟನ್ನು ಮಡಿಲಲ್ಲಿ ಇಟ್ಟುಕೊಂಡರೆ, ಬೈಕಿನ ಪೆಟ್ಟು ಏನಿದ್ದರೂ ನನ್ನ ಮೈಯಲ್ಲೇ ಮುಗಿದುಹೋಗುತ್ತದೆ. ಮಡಿಲಿಗಿಂತ ಒಳ್ಳೆಯ ಜಾಗ ಯಾವ ಮರಿಗಾದರೂ ಎಲ್ಲಿದೆ ಎಂದು ಹೆಮ್ಮೆಯಿಂದಲೇ ಅಂದುಕೊಂಡೆ.

ಹುಳುವೆಲ್ಲ ಜ್ವರಕ್ಕೆ ಕೂತ ಮೇಲೆ ಅವುಗಳ ಪೇಪರಿನ ಹಾಸಿನ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಒಣಗಿಸಿದೆವು. ಪೇಪರಿನ ಸಮೇತ ಎತ್ತಿ, ಒಂದರ ಮೇಲೊಂದು ಒತ್ತದ ಹಾಗೆ ನಡುವೆ ಬಿದಿರ ಸೀಳು ಕೊಟ್ಟು, ಎರಡು ಕ್ರೇಟಿಗೆ ಅರ್ಧರ್ಧ ಜೋಡಿಸಿದೆವು. ಬೈಕಿನ ಚೈನಿಗೆ ಆಯಿಲ್ ಹಾಕಲು ಹೋದ ಮೈದುನನಿಗೆ ಬೈದು, ವಾಸನೆ ಬರುವುದೇನನ್ನೂ ಮುಟ್ಟಬೇಡ ಎಂದೆ. ಯಜಮಾನರ ಜೇಬಿನಿಂದ ಸೆಂಟು ಹಾಕಿದ್ದ ಕರವಸ್ತ್ರವನ್ನೂ ಕಿತ್ತುಕೊಂಡೆ. ಬೆಳಕು ಹರಿಯುವ ಮುಂಚೆ ಹೊರಟೆವು.

ಕೊಳ್ಳೇಗಾಲದವರೆಗೆ ಎಲ್ಲ ಸರಿಯಿತ್ತು. ಒಂದೇ ತೊಂದರೆ ಎಂದರೆ ನನ್ನ ಕಟ್ಟಪ್ಪಣೆ. ಎರಡು ಬೈಕೂ ಜೊತೆಜೊತೆಗೇ, ಒಂದೇ ವೇಗದಲ್ಲಿ ಹೋಗಬೇಕು, ನನ್ನ ಕಣ್ಣಿಗೆ ಎರಡು ಕ್ರೇಟೂ ಕಾಣುತ್ತಿರಬೇಕು ಎಂದಿದ್ದೆ. ಆ ವೇಗ ಸ್ಪೋರ್ಟ್ಸ್ ಬೈಕಿಗೆ ಕಡಿಮೆ, ಕ್ರೂಸರಿಗೆ ಆ ರಸ್ತೆಯಲ್ಲಿ ಹೆಚ್ಚು. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಬೆಟ್ಟಕ್ಕೆ ಹೋಗುವ ಜನ ಆಗಲೇ ರಸ್ತೆಗಿಳಿದಿದ್ದರು. ತೆವಳುತ್ತ ಹೋಗಬೇಕಾಯಿತು. ಮೈದುನ ಮಣಿಕಟ್ಟಿನ ಮೇಲೆ ಮೈಭಾರವೆಲ್ಲ ಹಾಕಿಕೊಂಡು, ಕ್ಲಚ್ ಹಿಡಿದು ಬಿಟ್ಟು ಹಿಡಿದು ಬಿಟ್ಟು, ಬೆರಳು ಒದರುತ್ತಿದ್ದ. ಅವನ ಬೈಕಿನ ಫ್ಯಾನ್ ತಿರುಗಿ ಬಿಸಿಗಾಳಿ ಅವನ ಮೊಣಕಾಲಿಗೇ ಬಡಿಯುತ್ತಿತ್ತು.

"ಅತ್ಗೆ, ಒಂದ್ಸಲಿ ಬುಟ್ಬುಡಿ. ಅನೂರ್ಗೆ ಓಗಿ ಟೀ ಕುಡ್ದು ಕಾಯ್ತಿರ್ತೀನಿ."

"ಉಳ ಟೀ ಕುಡಿಯಕ್ಕಿಲ್ಲ. ಸುಮ್ನೆ ಪಕ್ಕದಲ್ಲಿ ಬಾ," ಅಂದೆ.

ಊರು ದಾಟುವಾಗ ಎತ್ತರದ ರೋಡ್ ಹಂಪಿನ ಮೇಲೆ ನಮ್ಮ ಬೈಕಿನ ಹೊಟ್ಟೆ ಕರ್ರೆಂದು ಸವರಿಕೊಂಡು ಇಳಿಯಿತು. ಇಬ್ಬರ ಭಾರಕ್ಕೆ ಅದು ನೆಲ ಮುಟ್ಟುವಷ್ಟು ತಗ್ಗಿತ್ತು. ಕಾಮಗೆರೆಯ ಹತ್ತಿರ ರಸ್ತೆ ಅಗೆದು ಜಲ್ಲಿ ಸುರಿದಿದ್ದರು. ಅಲ್ಲಿ ಇವರ ಸರದಿ ಚೆನ್ನಾಗಿತ್ತು. ಉದ್ದದ ಬೈಕು, ತಗ್ಗಿನ ಭಾರ, ಎರಡು ಕಾಲೂ ನೆಲಕ್ಕೆ ಎಟುಕುತ್ತವೆ. ಎಮ್ಮೆ ಕೆಸರಿನಲ್ಲಿ ನಡೆದ ಹಾಗೆ ನಿಧಾನವಾಗಿ ದಾಟಿಬಿಟ್ಟಿತು. ಮೈದುನನ ಬೈಕು ಜಲ್ಲಿಯಲ್ಲಿ ಮುಂದಿನ ಚಕ್ರ ಆ ಕಡೆ ಈ ಕಡೆ ಆಡಿಸುತ್ತ, ಅವನ ಮುಖದ ಬಣ್ಣವನ್ನೂ ಆಡಿಸಿತು. ಇವರು ತಿರುಗಿ ನೋಡಿ, "ಏನ್ಲಾ, ರೇಸು ನಿಂತೋಯ್ತಾ?" ಎಂದು ಕೇಳಿದ್ದನ್ನು ಅವನು ಇವತ್ತಿಗೂ ಮರೆತಿಲ್ಲ.

ಹನೂರಿನಲ್ಲಿ ಇಳಿದಾಗ ಬಿಸಿಲಿನ್ನೂ ಏರಿರಲಿಲ್ಲ. ಒಂದು ಹುಣಸೆಮರದ ನೆರಳಿನಲ್ಲಿ ಬೈಕು ನಿಲ್ಲಿಸಿ ಎರಡು ಕ್ರೇಟಿನ ಬಟ್ಟೆ ಸರಿಸಿದೆ. ಮೈದುನನ ಕ್ರೇಟಿನ ಹುಳು ಹೊರಟಾಗ ಹೇಗಿತ್ತೋ ಹಾಗೇ ಇತ್ತು, ಒಂದೂ ಅಲುಗದೆ. ಆಮೇಲೆ ನನ್ನ ಮಡಿಲಿನ ಕ್ರೇಟ್ ಬಿಚ್ಚಿದೆ. ತಳದ ಪದರದಲ್ಲಿ ಅಲ್ಲಲ್ಲಿ ಹುಳು ಎದ್ದಿದ್ದವು. ಚರ್ಮ ಕಳಚಿಕೊಂಡು, ಮೈಗಿಂತ ದೊಡ್ಡದಾಗಿ ಕಾಣುವ ಹೊಸ ತಲೆಯನ್ನು ಆಡಿಸುತ್ತಿದ್ದವು. ಎರಡು ಕ್ರೇಟೂ ಒಂದೇ ಹೊತ್ತಿಗೆ ಕೂತ ಹುಳು, ಒಂದೇ ಹೊತ್ತಿಗೆ, ಅದೂ ಮಧ್ಯಾಹ್ನದ ಮೇಲೆ, ಏಳಬೇಕಾಗಿದ್ದ ಹುಳು.

ಪೇಪರಿನ ಕೆಳಗೆ ಕೈಯಿಟ್ಟೆ, ಬೆಚ್ಚಗಿತ್ತು. ಸೀಟಿನ ಕೆಳಗೆ ಇಟ್ಟೆ, ಇನ್ನೂ ಬೆಚ್ಚಗಿತ್ತು. ಕ್ರೂಸರಿನ ಇಂಜಿನ್ ತಗ್ಗಿನಲ್ಲಿ ಬೆತ್ತಲೆ ಕೂತಿರುತ್ತದೆ. ಅದರ ಬಿಸಿಗಾಳಿ ಕಾಲಿನ ಪಕ್ಕದಲ್ಲಿ ಸವರಿಕೊಂಡು ಹಿಂದಕ್ಕೇ ಬರುತ್ತದೆ. ಅದರ ಮೇಲೆ ನನ್ನ ಮಡಿಲಿನ ಕಾವು ಬೇರೆ. ಬಿಸಿ ತಾಗಿದರೆ ಜ್ವರ ಬೇಗ ಬಿಡುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಆ ಕಡೆ ಸ್ಪೋರ್ಟ್ಸ್ ಬೈಕು ತನ್ನ ಬಿಸಿಯನ್ನೆಲ್ಲ ಮೈದುನನ ಮೊಣಕಾಲಿಗೆ ಕೊಟ್ಟು, ಎತ್ತರದ ಬಾಲವನ್ನು ಬೆಳಗಿನ ತಂಪುಗಾಳಿಗೆ ಹಿಡಿದುಕೊಂಡು ಬಂದಿತ್ತು.

"ನೋಡ್ದಾ ಅಣ್ಣ? ನಿನ್ನ ಕುರ್ಚಿ ಒಲೆ ಕಣಣ್ಣ!" ಎಂದ ಮೈದುನ.

"ನನ್ ಬೈಕೇನ್ ಮಾಡ್ತು? ಅವಳ ಮಡ್ಲು ಅದು. ಕೋಳಿ ಕಾವು ಕೂತಂಗೆ ಕೂತವ್ಳೆ," ಎಂದರು ಇವರು.

ನನಗೆ ನಗು ಬರಲಿಲ್ಲ, ಅಳು ಬಂತು. ಕಣ್ಣ ಮುಂದೆ ಆ ಸೊಸೆ ಒರೆಸಿ ಒರೆಸಿ ಇಟ್ಟ ಅಟ್ಟಣೆ, ಜಗುಲಿಯ ಮೇಲಿನ ಮಾವ, ಕಿತ್ತು ರಾಶಿ ಹಾಕಿದ ಹಿಪ್ಪುನೇರಳೆ ಗಿಡ. ಅರ್ಧ ಎದ್ದು ಅರ್ಧ ಮಲಗಿದ ಹುಳುವನ್ನು ಮೊದಲ ಸಲ ಸಾಕುವವಳ ಕೈಗೆ ಕೊಡುವುದೆಂದರೆ ಅವಳ ಬೆಳೆಗೆ ನಾನೇ ಕತ್ತಿ ಹಾಕಿದ ಹಾಗೆ. ಇಬ್ಬರ ಮೇಲೂ ರೇಗಿದೆ. ಬಾಯಿ ಮುಚ್ಚಿಕೊಂಡು ಟೀ ಕುಡಿಯಿರಿ ಎಂದು ಕಳಿಸಿ ಮರದ ಬುಡದಲ್ಲಿ ಕೂತೆ.

ಅಷ್ಟೂ ಹುಳುವನ್ನು ಮೈದುನನ ಬೈಕಿಗೇ ಹೇರೋಣವೆಂದರೆ ಅದರ ಸೀಟಿನಲ್ಲಿ ಜಾಗವಿಲ್ಲ, ಒಂದರ ಮೇಲೊಂದು ಕಟ್ಟಿದರೆ ಮೇಲಿನದು ಓಲಾಡುತ್ತದೆ. ವಾಪಸ್ ಹೋಗೋಣವೆಂದರೆ ಬಂದಷ್ಟೇ ದೂರ, ಜೊತೆಗೆ ಬಿಸಿಲು. ಎದ್ದವಕ್ಕೆ ಈಗಲೇ ಸೊಪ್ಪು ಹಾಕಿದರೆ ಅಂತರ ಗಟ್ಟಿಯಾಗಿಬಿಡುತ್ತದೆ. ಬಿಸಿ ಎಬ್ಬಿಸುತ್ತದೆ, ತಂಪು ತಡೆಯುತ್ತದೆ. ಹೀಗೆ ಮನಸ್ಸಿನಲ್ಲೇ ಗುಣುಗುತ್ತಿರುವಾಗ ಥಟ್ಟನೆ ಹೊಳೆಯಿತು. ಒಂದು ಬೈಕು ಬಿಸಿ, ಒಂದು ಬೈಕು ತಂಪು. ಹಾಗಿದ್ದ ಮೇಲೆ ಕ್ರೇಟುಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ?

ಟೀ ಅಂಗಡಿಯ ಕಡೆಗೆ ಕೂಗಿ ಇಬ್ಬರನ್ನೂ ಕರೆದೆ. ಏಳುತ್ತಿರುವ ಕ್ರೇಟನ್ನು ಮೈದುನನ ಸಿಂಬೆಯ ಮೇಲೆ ಕಟ್ಟಿಸಿದೆ. ಮಲಗಿದ್ದ ಕ್ರೇಟನ್ನು ನನ್ನ ಮಡಿಲಿಗೆ ತೆಗೆದುಕೊಂಡೆ. ಆಮೇಲೆ ನನ್ನ ಕಟ್ಟಪ್ಪಣೆಯನ್ನು ನಾನೇ ಮುರಿದೆ.

"ನೀನು ಓಗು," ಅಂದೆ ಮೈದುನನಿಗೆ. "ಇನ್ ಮುಂದಕ್ಕೆ ರೋಡು ಚೆನ್ನಾಗದೆ. ಎಲ್ಲೂ ನಿಲ್ಬ್ಯಾಡ. ಬ್ರೇಕ್ ಒಡೀಬ್ಯಾಡ, ದೂರದಿಂದ್ಲೇ ನೋಡ್ಕಂಡು ತಗ್ಗುಸ್ಕ. ಓದ ತಕ್ಷಣ ಉಳದ್ ಮನೇಲಿ ತಣ್ಣಗಿರ ಜಾಗದಲ್ಲಿಡು. ನಾನ್ ಬರಗಂಟ ಒಂದ್ ಎಲೆ ಆಕ್ಬಾರ್ದು."

ಅವನಿಗೆ ನಂಬಿಕೆಯೇ ಬರಲಿಲ್ಲ. "ದಿಟ್ವಾಗ್ಲೂ ಓಗ್ಲಾ ಅತ್ಗೆ?" ಎಂದು ಕೇಳಿ, ನಾನು ಮನಸ್ಸು ಬದಲಿಸುವ ಮೊದಲೇ ಮಾಯವಾದ. ಮುಂದಕ್ಕೆ ಬಗ್ಗಿ ಅವನು ಹೊರಟ ಮೇಲೆ ಆ ಬೈಕಿನ ಸದ್ದೇ ಬೇರೆಯಾಯಿತು. ಬೆಳಗಿನಿಂದ ಕೆಮ್ಮುತ್ತಿದ್ದದ್ದು ಈಗ ಹಾಡತೊಡಗಿತು.

"ನೀವು ನಿಧಾನಕ್ಕೆ ಬನ್ನಿ. ಎಷ್ಟ್ ಬೇಕೋ ಅಷ್ಟು ನಿಧಾನಕ್ಕೆ," ಅಂದೆ ಇವರಿಗೆ.

ಮದುವೆಯಾದಂದಿನಿಂದ ಇವರಿಗೆ ನಾನು ಹೇಳಿದ ಅತ್ಯಂತ ಇಷ್ಟವಾದ ಮಾತು ಅದೇ ಇರಬೇಕು. ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗೆ ಮಾಡಿ, ಮೇಲಿನ ಗೇರಿನಲ್ಲಿ ಇಂಜಿನ್ನನ್ನು ಗುಡುಗುಡು ಅನ್ನಲು ಬಿಟ್ಟರು. ಗುಂಡಿ ಕಂಡಾಗಲೆಲ್ಲ ಅವಸರವಿಲ್ಲದೆ ಬಳಸಿ ಹೋದರು. ಪಕ್ಕದಲ್ಲಿ ನಡೆದು ಹೋಗುತ್ತಿದ್ದ ಬೆಟ್ಟದ ಯಾತ್ರಿಕರು "ಉಘೇ ಮಾದಪ್ಪ" ಎಂದಾಗ ಇವರೂ ಸೇರಿಕೊಂಡು ಕೂಗಿದರು. ನನ್ನ ಮಡಿಲಿನಲ್ಲಿ ಕ್ರೇಟ್ ತೊಟ್ಟಿಲಿನಷ್ಟೇ ಆಡುತ್ತಿತ್ತು. ಅಲ್ಲಿಯವರೆಗೆ ನಾನು ಯಾವ ಬೈಕ್ ಮೇಲು ಎಂದು ತೂಗುತ್ತ, ಒಂದು ಬೈಕು ಇನ್ನೊಂದರ ಹಾಗೆ ಓಡಲಿ ಎಂದು ಹಟ ಹಿಡಿದಿದ್ದೆ. ಎರಡೂ ತಮ್ಮ ತಮ್ಮ ಚಾಳಿಯಲ್ಲಿ ಓಡತೊಡಗಿದ್ದು ಹನೂರು ದಾಟಿದ ಮೇಲೆಯೇ. ಇವರ ಬೆನ್ನಿನ ಹಿಂದೆ ಕೂತು ನನಗೆ ಬಹಳ ದಿನಗಳ ಮೇಲೆ ಸುಖವೆನ್ನಿಸಿತು, ಭಯವಿದ್ದರೂ ಕೂಡ.

ಕೌದಳ್ಳಿಗೆ ಮುಟ್ಟಿದಾಗ ಮೈದುನ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗೆ ಸೊಸೆ ಎಳೆ ಸೊಪ್ಪು ಹೆಚ್ಚಿ, ಒದ್ದೆ ಬಟ್ಟೆ ಮುಚ್ಚಿಟ್ಟುಕೊಂಡು ಚಡಪಡಿಸುತ್ತಿದ್ದಳು.

"ಅಕ್ಕ, ಅವು ಅಸ್ಕಂಡವೆ. ತಲೆ ಎತ್ತಿ ನನ್ನೇ ನೋಡ್ತವೆ. ಇವರು ಒಂದ್ ಎಲೆ ಆಕಕ್ಕೂ ಬುಡ್ತಿಲ್ಲ."

"ಇನ್ನೂ ವಸಿ ತಡ್ಕಳವ್ವ. ಎಲ್ಲವೂ ಏಳ್ಲಿ," ಅಂದೆ.

ಮೊದಲು ಬಂದ ಕ್ರೇಟ್ ನೋಡಿದೆ. ಹನೂರಿನಲ್ಲಿ ಎದ್ದಿದ್ದವು ಎದ್ದೇ ಇದ್ದವು, ಆದರೆ ಮಿಕ್ಕವು ಅಲ್ಲಿಗೇ ತಡೆದು ನಿಂತಿದ್ದವು. ನನ್ನ ಕ್ರೇಟ್ ಬಿಚ್ಚಿ ಪೇಪರಿನ ಸಮೇತ ಹುಳುವನ್ನು ಅಟ್ಟಣೆಯ ಮೇಲೆ ಹಾಸಿದೆವು. ಅಷ್ಟರಲ್ಲಿ ಮಾವ ಒಳಗೆ ಬಂದರು. ಟವೆಲು ಹೆಗಲಿಗೆಸೆದು, ಬಗ್ಗಿ, ಎರಡು ಕಣ್ಣೂ ಕಿರಿದು ಮಾಡಿ ನೋಡಿದರು.

"ಸತ್ತೋಗವಲ್ಲವ್ವ ಇವು! ಒಂದಾದ್ರೂ ಅಲುಗ್ತದಾ? ಅಷ್ಟ್ ದೂರದಿಂದ ಎಣ ತಂದಿದ್ದೀರಿ."

ಸೊಸೆಯ ಕಣ್ಣು ತುಂಬಿತು. ನಾನು ಏನೋ ಖಾರವಾಗಿ ಹೇಳಲು ಹೊರಟವಳು ತಡೆದುಕೊಂಡೆ. "ಮನಗವೆ ಯಜಮಾನ್ರೇ. ಮದ್ಯಾನಗಂಟ ನೋಡಿ," ಎಂದಷ್ಟೇ ಹೇಳಿದೆ.

ಅವರು ಹೊರಗೆ ಹೋಗಲಿಲ್ಲ. ಸಾಯುವುದನ್ನು ನೋಡಿಯೇ ಹೋಗುತ್ತೇನೆ ಎನ್ನುವವರ ಹಾಗೆ ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತರು. ನಾವೆಲ್ಲ ಕಾದೆವು. ಹಸಿದ ಹುಳುವನ್ನು ಸೊಪ್ಪಿನ ಪಕ್ಕದಲ್ಲೇ ಕಾಯಿಸುವುದು ಸಣ್ಣ ಕಷ್ಟವಲ್ಲ. ಆ ಹುಡುಗಿ ಎರಡು ಸಲ ಸೊಪ್ಪಿಗೆ ಕೈ ಹಾಕಿದಳು, ಎರಡು ಸಲವೂ ನಾನು ಕೈ ಹಿಡಿದೆ. ಎದ್ದವಕ್ಕೆ ಸ್ವಲ್ಪ ಹೊತ್ತು ಹಸಿವಾದರೂ ತಡೆದುಕೊಳ್ಳುತ್ತವೆ, ಮಲಗಿದವನ್ನು ಬಿಟ್ಟು ಅವಕ್ಕೆ ಮಾತ್ರ ಊಟ ಬಡಿಸಿದರೆ ಮನೆಯೇ ಎರಡಾಗುತ್ತದೆ ಎಂದು ವಿವರಿಸಿದೆ. ಹೊರಗೆ ಬೇವಿನ ಮರದಡಿ ಅಣ್ಣತಮ್ಮಂದಿರು ಯಾವ ಬೈಕಿನಿಂದ ಹುಳು ಉಳಿಯಿತು ಎಂಬ ಚರ್ಚೆಯನ್ನು ಆಗಲೇ ಶುರುಮಾಡಿದ್ದರು.

ಊಟದ ಹೊತ್ತು ದಾಟಿದ ಮೇಲೆ ಹಾಸಿನ ಮೇಲೆ ಮೆಲ್ಲಗೆ ಊದಿದೆ. ಒಂದು ಕಡೆ ತಲೆಗಳು ಆಡಿದವು. ಇನ್ನೊಂದು ಕಡೆಗೆ ಹೋಗಿ ಊದಿದೆ, ಅಲ್ಲೂ ಆಡಿದವು. ಯಾವುದು ಯಾವ ಕ್ರೇಟಿನದು ಎಂದು ನನಗೇ ಗುರುತು ಸಿಗದಷ್ಟು ಸಮನಾಗಿ, ಅಟ್ಟಣೆಯ ಈ ತುದಿಯಿಂದ ಆ ತುದಿಯವರೆಗೂ, ಮೈ ಕೊಡವಿಕೊಂಡು ಏಳುತ್ತಿದ್ದವು. ಮೊದಲು ಎದ್ದಿದ್ದವು ಎಲ್ಲೋ ಅಷ್ಟಿಷ್ಟು. ಅಷ್ಟಕ್ಕೆ ಯಾವ ಬೆಳೆಯೂ ಕೆಡುವುದಿಲ್ಲ. ನಾನು ಗೋಡೆಗೊರಗಿ ಕೂತೆ.

"ಈಗ ಆಕು," ಅಂದೆ.

ಆ ಹುಡುಗಿ ಸೊಪ್ಪು ಹಾಕಿದ ರೀತಿಯನ್ನು ನಾನು ಹೇಳಲಾರೆ. ಒಂದು ಚೂರೂ ಒಂದರ ಮೇಲೊಂದು ಬೀಳದ ಹಾಗೆ ಉದುರಿಸುತ್ತ ಹೋದಳು, ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಮಾವ ಎದ್ದು ಬಂದರು. ಹಸಿರು ಚೂರುಗಳ ಅಂಚು ತೂತಾಗುವುದನ್ನು ಬಹಳ ಹೊತ್ತು ನೋಡಿದರು. ಹೊರಗೆ ಹೋಗಿ ಬೈಕುಗಳ ಸುತ್ತ ಒಂದು ಸುತ್ತು ಹಾಕಿದರು.

"ಯಾವ್ದ್ರಲ್ಲಿ ಬಂದ್ವು?" ಎಂದು ಕೇಳಿದರು.

ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ನಾನು ಅಡ್ಡ ಬಂದು, ಹನೂರಿನವರೆಗೆ ಇದರಲ್ಲಿದ್ದವು ಅಲ್ಲಿಂದ ಅದರಲ್ಲಿ, ಅದರಲ್ಲಿದ್ದವು ಇದರಲ್ಲಿ ಎಂದು ನಡೆದದ್ದನ್ನು ಹೇಳಿದೆ. ಅವರು ತಲೆ ಆಡಿಸುತ್ತ ಕೇಳಿಸಿಕೊಂಡರು. ಪೂಜೆಯ ಕ್ರಮ ಕೇಳುವಾಗ ಜನ ಹಾಗೆ ತಲೆ ಆಡಿಸುತ್ತಾರೆ. ಅದರ ಅರ್ಥ ನನಗೆ ಅವತ್ತು ಹೊಳೆಯಲಿಲ್ಲ.

ತಿಂಗಳು ತುಂಬುವ ಮೊದಲೇ ಆ ಹುಡುಗಿ ಫೋನ್ ಮಾಡಿದಳು. ಹುಳುವೆಲ್ಲ ಒಂದೇ ದಿನ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹತ್ತಿದ್ದವು. ಗೂಡು ಬಿಡಿಸಿ ಕೊಳ್ಳೇಗಾಲದ ಮಾರುಕಟ್ಟೆಗೆ ತಂದ ದಿನ ನಾನೂ ಹೋಗಿದ್ದೆ. ಮಾವ ಚೀಲದ ಪಕ್ಕದಿಂದ ಕದಲದೆ ನಿಂತಿದ್ದರು. ಯಾರಾದರೂ ಗೂಡು ಎತ್ತಿ ಕಿವಿಯ ಹತ್ತಿರ ಅಲುಗಿಸಿದರೆ, "ಮೆತ್ಗೆ ಕಣಪ್ಪ," ಅನ್ನುತ್ತಿದ್ದರು.

ಮುಂದಿನ ಬೆಳೆಗೆ ಹುಳು ಕೇಳಿ ಫೋನ್ ಬಂದಾಗ ಆ ಕಡೆ ಇದ್ದದ್ದು ಸೊಸೆಯಲ್ಲ, ಮಾವ. ಆ ವೇಳೆಗೆ ನಮ್ಮ ವ್ಯಾನ್ ರಿಪೇರಿಯಾಗಿ ಬಂದು, ತೊಳೆಸಿಕೊಂಡು, ಕುಂಕುಮ ಇಟ್ಟುಕೊಂಡು ನಿಂತಿತ್ತು. ಈ ಸಲ ವ್ಯಾನಿನಲ್ಲಿ ಕಳಿಸುತ್ತೇವೆ, ಯಾವ ತಾಪತ್ರಯವೂ ಇಲ್ಲ ಎಂದೆ.

"ವ್ಯಾನ್ ಬ್ಯಾಡ ಕಣವ್ವ!" ಎಂದು ಗಾಬರಿಯಿಂದ ಕೂಗಿದರು. "ಆ ಬೈಕ್ನಲ್ಲೇ ಬರ್ಲಿ. ಆ ಕೆಂಪುದು ಮುಂದೆ, ನಿನ್ ಗಂಡನ್ದು ಇಂದೆ. ಅನೂರಲ್ಲಿ ಅದಲ್ ಬದಲ್ ಮಾಡಾದ ಮರೀಬ್ಯಾಡ."

ಅದು ತಪ್ಪು ತಿದ್ದಲು ಮಾಡಿದ ಉಪಾಯ, ಪದ್ಧತಿಯಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಫೋನಿಟ್ಟ ಮೇಲೆ ಅಣ್ಣತಮ್ಮಂದಿರಿಬ್ಬರೂ ಆಸೆಯಿಂದ ನನ್ನ ಮುಖ ನೋಡಿದರು, ಯಾವ ಬೈಕ್ ಕೇಳಿದರು ಎಂದು. ಎರಡೂ ಅಂದಾಗ ಇಬ್ಬರಿಗೂ ಸಪ್ಪೆಯಾಯಿತು.

ಹೀಗೆ ಎರಡನೇ ಸಲವೂ ಹೊರಟೆವು. ಈ ಸಲ ಮಡಿಲಿಗೂ ಕ್ರೇಟಿಗೂ ನಡುವೆ ಬಿಸಿ ತಾಗದ ಹಾಗೆ ಬೆಂಡಿನ ಹಲಗೆ ಇಟ್ಟುಕೊಂಡಿದ್ದೆ, ದಾರಿಯಲ್ಲಿ ಒಂದು ಹುಳುವೂ ಏಳಲಿಲ್ಲ. ಆದರೂ ಹನೂರಿನ ಹುಣಸೆಮರದ ಕೆಳಗೆ ನಿಂತು, ಟೀ ಕುಡಿದು, ಕ್ರೇಟುಗಳನ್ನು ಅದಲುಬದಲು ಮಾಡಿಯೇ ಮುಂದೆ ಹೋದೆವು. ಸುಳ್ಳು ಹೇಳಿದರೆ ಆ ಮನುಷ್ಯನಿಗೆ ಗೊತ್ತಾಗಿಬಿಡುತ್ತದೆ ಅನ್ನಿಸಿತ್ತು.

ಕೌದಳ್ಳಿಯಲ್ಲಿ ಅವರು ರಸ್ತೆಯ ತಿರುವಿನಲ್ಲೇ ಕಾದಿದ್ದರು. ಪಕ್ಕದ ಹೊಲದಲ್ಲಿ, ಜೋಳಕ್ಕೆಂದು ಉಳಿಸಿಕೊಂಡಿದ್ದ ಮಿಕ್ಕ ಅರ್ಧದಲ್ಲಿ, ಹೊಸದಾಗಿ ನೆಟ್ಟ ಹಿಪ್ಪುನೇರಳೆ ಕಡ್ಡಿಗಳು ಚಿಗುರು ಒಡೆಯುತ್ತಿದ್ದವು. ಸೊಸೆ ಅದನ್ನು ನನಗೆ ಕಣ್ಣಿನಲ್ಲೇ ತೋರಿಸಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮಾವ ನನ್ನ ಮಡಿಲಿನಿಂದ ಕ್ರೇಟನ್ನು ತಾವೇ ಎತ್ತಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಹುಳುಮನೆಯ ಕಡೆ ನಡೆದರು. ಹಿಂದೆ ನಮ್ಮವರಿಬ್ಬರೂ ಮಾಮೂಲಿನಂತೆ, ಜಲ್ಲಿಯಲ್ಲಿ ಯಾರ ಬೈಕು ತಡವರಿಸಿತು, ಹಂಪಿನಲ್ಲಿ ಯಾರದು ಸವರಿತು ಎಂದು ಗಂಟಲು ಏರಿಸಿದ್ದರು.

ಮುದುಕ ಬಾಗಿಲಲ್ಲಿ ನಿಂತು ತಿರುಗಿದರು.

"ಸದ್ದು ಮಾಡ್ಬ್ಯಾಡ್ರೋ," ಎಂದು ಪಿಸುಗುಟ್ಟಿದರು. "ಮಕ್ಳು ಮನಗವೆ."